ಗುಂಡಿಗೆ ಹಾಕಿದ್ದು ಎಲ್ಲಿಗೆ ಹೋಯಿತು?

(ಮಳೆಗಾಲಕ್ಕೆ ಮುಂಚೆ ದಕ್ಷಿಣ ಕನ್ನಡದ ಒಂದು ಹಾಲಿನ ಸೊಸೈಟಿಯ ಸದಸ್ಯರಿಗೆ ಕೊಟ್ಟ ಉಪನ್ಯಾಸದ ಬರಹ ರೂಪ)

ನಮ್ಮ ಕಡೆ ಬೇಡದ್ದು ಏನೇ ಇರಲಿ, ಮೊದಲು ಬರುವ ಮಾತು ಒಂದೇ. ‘ಒಂದು ಗುಂಡಿ ತೆಗೆದು ಹಾಕಿಬಿಡಿ.’ ಬಚ್ಚಲ ನೀರಿಗೆ ಗುಂಡಿ, ಶೌಚಾಲಯಕ್ಕೆ ಗುಂಡಿ, ದನದ ಹಟ್ಟಿ ತೊಳೆದ ನೀರಿಗೆ ಗುಂಡಿ, ಸತ್ತ ಕೋಳಿಗೆ ಗುಂಡಿ, ತೋಟಕ್ಕೆ ಹೊಡೆಯುವ ಮದ್ದಿನ ಡಬ್ಬಿಗೂ ಗುಂಡಿ. ಮೇಲೆ ಮಣ್ಣು ಎಳೆದರೆ ಮುಗಿಯಿತು, ಆಮೇಲೆ ಅದರ ನೆನಪೂ ಇರುವುದಿಲ್ಲ. ನಾನು ಇವತ್ತು ಹೇಳುವುದು ಇದಕ್ಕೆ ಉಲ್ಟಾ. ಕರಾವಳಿಯಲ್ಲಿ ಬಾವಿ ನೀರು ಚೆನ್ನಾಗಿರಬೇಕಾದರೆ ಕಸ ಆಳಕ್ಕೆ ಹೋಗಬಾರದು. ಮೇಲೆಯೇ ಇರಬೇಕು. ಬೇರಿನ ಹತ್ತಿರ ಇರಬೇಕು. ಆದಷ್ಟು ಒಣಗಿರಬೇಕು.

ಯಾಕೆ ಅನ್ನುವುದಕ್ಕೆ ಮೊದಲು ನಮ್ಮ ನೆಲ ನೋಡೋಣ. ಬಾವಿ ತೋಡಿದವರು ಇಲ್ಲೇ ನಾಲ್ಕಾರು ಮಂದಿ ಇದ್ದೀರಿ, ತಪ್ಪಿದರೆ ತಿದ್ದಿ. ಮೇಲೆ ಒಂದೆರಡು ಅಡಿ ಕೆಂಪು ಮಣ್ಣು. ಕೆಳಗೆ ಮುರಕಲ್ಲು, ಪುಸ್ತಕದಲ್ಲಿ ಜಂಬಿಟ್ಟಿಗೆ ಅನ್ನುವುದು. ಕುಮಟೆ, ಹೊನ್ನಾವರದ ಕಡೆಯವರು ಚಿರೆಕಲ್ಲು ಅನ್ನುವುದು ಇದನ್ನೇ. ಅದರ ಕೆಳಗೆ ಬಿಳಿ, ಗುಲಾಬಿ ಬಣ್ಣದ ಜಾರುವ ಶೇಡಿ ಮಣ್ಣು. ಅದರಡಿಯಲ್ಲಿ ಕರಿ ಬಂಡೆ. ಮುರಕಲ್ಲನ್ನು ಕಡಿದ ಬದಿಯಲ್ಲಿ ಹತ್ತಿರದಿಂದ ನೋಡಿ. ಮೈಯೆಲ್ಲ ತೂತು. ಕೆಲವು ತೂತಿನೊಳಗೆ ಪೆನ್ಸಿಲ್ ತೂರಿಸಬಹುದು. ಒಂದು ತೂತು ಇನ್ನೊಂದಕ್ಕೆ ಸೇರಿ ಉದ್ದಕ್ಕೆ ಓಣಿ ಆಗಿರುತ್ತದೆ. ಬಾವಿ ತೋಡುವಾಗ ಒಂದು ಮೂಲೆಯಿಂದ ಮಾತ್ರ ಜೋರಾಗಿ ಒಸರು ಬರುತ್ತದಲ್ಲ, ಅದು ಇಂಥ ಓಣಿ.

ಮಳೆ ನೀರು ಮುರಕಲ್ಲಿನೊಳಗೆ ಸಲೀಸಾಗಿ ಇಳಿಯುತ್ತದೆ. ಶೇಡಿ ಮಣ್ಣು ಅದನ್ನು ಸುಲಭದಲ್ಲಿ ಕೆಳಗೆ ಬಿಡುವುದಿಲ್ಲ. ಆಗ ನೀರು ಅಡ್ಡಕ್ಕೆ ತಿರುಗುತ್ತದೆ, ಇಳಿಜಾರು ಇದ್ದ ಕಡೆಗೆ ಸರಿಯುತ್ತದೆ. ಎತ್ತರದ ಬೆಟ್ಟಿನಿಂದ ನಡುವಿನ ಮಜಲಿಗೆ, ಮಜಲಿನಿಂದ ತಗ್ಗಿನ ಬೈಲಿಗೆ. ದಾರಿಯಲ್ಲಿ ನಿಮ್ಮ ಬಾವಿ ಸಿಕ್ಕಿದರೆ ಅದರೊಳಗೆ ಬರುತ್ತದೆ.

ನೀರನ್ನು ಶುದ್ಧ ಮಾಡುವ ಕೆಲಸ ಆಗುವುದು ಮುಖ್ಯವಾಗಿ ಮೇಲಿನ ಆ ಒಂದೆರಡು ಅಡಿಯಲ್ಲಿ. ಅಲ್ಲಿ ಗಾಳಿ ಇದೆ, ಬೇರು ಇದೆ, ಎರೆಹುಳ ಇದೆ, ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಸೆಗಣಿ ಬಿದ್ದರೆ ಅವು ತಿನ್ನುತ್ತವೆ. ಸಾರಜನಕ ಸಿಕ್ಕಿದರೆ ಬೇರು ಎಳೆದುಕೊಳ್ಳುತ್ತದೆ. ರೋಗದ ಬ್ಯಾಕ್ಟೀರಿಯಾ ಅಲ್ಲಿ ಜಾಸ್ತಿ ದಿನ ಬದುಕುವುದಿಲ್ಲ. ಹತ್ತು ಅಡಿ ಗುಂಡಿ ತೆಗೆದಾಗ ಈ ಇಡೀ ಪದರವನ್ನು ದಾಟಿ ಹೋಗಿ, ಕೊಳಕನ್ನು ನೇರ ಮುರಕಲ್ಲಿನ ಓಣಿಗೆ ಇಳಿಸಿ ಬಂದ ಹಾಗಾಯಿತು.

ಇದಕ್ಕೆ ಮಳೆಗಾಲ ಸೇರಿಸಿ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮೇ ತಿಂಗಳಲ್ಲಿ ಹಗ್ಗ ಸಾಲದೆ ಗಂಟು ಹಾಕಿ ಕೊಡಪಾನ ಇಳಿಸಿದ ಬಾವಿಯಲ್ಲಿ, ಚೌತಿ ಹೊತ್ತಿಗೆ ಬಗ್ಗಿದರೆ ಮುಖ ಕಾಣುತ್ತದೆ. ಬಾವಿಯಲ್ಲಿ ನೀರು ಮೇಲೆ ಬಂತು ಅಂದರೆ ಸುತ್ತಲಿನ ನೆಲದೊಳಗೂ ಅಷ್ಟೇ ಮೇಲೆ ಬಂದಿದೆ ಅಂತ ಅರ್ಥ. ನಿಮ್ಮ ಗುಂಡಿಯ ತಳವೂ ಆ ನೀರಿನಲ್ಲೇ ಇದೆ.

ಇದನ್ನು ಅಳೆಯಲು ಎಂಜಿನಿಯರ್ ಬೇಡ. ಆಗಸ್ಟ್‌ನಲ್ಲಿ ಒಂದು ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಬಿಡಿ. ಕಲ್ಲು ನೀರು ಮುಟ್ಟಿದ ಕೂಡಲೇ ಹಗ್ಗ ಹಿಡಿದು ಅಳೆಯಿರಿ, ಅದರಲ್ಲಿ ಕಟ್ಟೆಯ ಎತ್ತರ ಕಳೆಯಿರಿ. ಎಂಟು ಅಡಿ ಬಂತು ಅಂತ ಇಟ್ಟುಕೊಳ್ಳೋಣ. ಅದೇ ಮಟ್ಟದ ಜಾಗದಲ್ಲಿ ನಿಮ್ಮ ಶೌಚಗುಂಡಿ ಹತ್ತು ಅಡಿ ಆಳ ಇದ್ದರೆ, ಅದರ ಕೆಳಗಿನ ಎರಡು ಅಡಿ ಬಾವಿ ನೀರಿನ ಮಟ್ಟಕ್ಕಿಂತ ಕೆಳಗೆ ಮುಳುಗಿದೆ. ಗುಂಡಿಯ ತಳ, ಮಳೆಗಾಲದ ನೀರಿನ ಮಟ್ಟಕ್ಕಿಂತ 2 ಮೀಟರ್ ಆದರೂ ಮೇಲಿರಬೇಕು ಅಂತ ಸರಕಾರದ ಮಾರ್ಗಸೂಚಿಯೇ ಹೇಳುತ್ತದೆ. ಹಾಗಾದರೆ ಎಂಟು ಅಡಿಯಲ್ಲಿ ನೀರಿರುವ ಜಾಗಕ್ಕೆ ಗುಂಡಿ ಎಷ್ಟು ಆಳ ಬರಬಹುದು? ಒಂದೂವರೆ ಅಡಿ! ಅಷ್ಟರಲ್ಲಿ ಗುಂಡಿ ಆಗುವುದಿಲ್ಲ. ಅಂಥ ಕಡೆ ತಳವೂ ಬದಿಯೂ ಸೋರದ ಟ್ಯಾಂಕ್ ಕಟ್ಟಿ, ಅದರಿಂದ ಹೊರಬರುವ ನೀರನ್ನು ಬಾವಿಯಿಂದ ದೂರ, ನೆಲದ ಮೇಲ್ಪದರದಲ್ಲೇ ಹರಡಬೇಕಾಗುತ್ತದೆ.

ನಾವು ಮಾಡುವುದೇನು? ಮನೆ ಕಟ್ಟುವಾಗ ಬಾವಿಗೆ ತಂದ ಸಿಮೆಂಟ್ ರಿಂಗಿನಂಥದ್ದೇ ನಾಲ್ಕಾರು ರಿಂಗು ಜಾಸ್ತಿ ತರಿಸಿ, ತೂತು ಹೊಡೆದು, ಹನ್ನೆರಡು ಹದಿನೈದು ಅಡಿ ಆಳಕ್ಕೆ ಇಳಿಸುತ್ತೇವೆ. ಕಟ್ಟಿಸಿದವರು ಹೆಮ್ಮೆಯಿಂದ ಹೇಳುತ್ತಾರೆ, ‘ಇಪ್ಪತ್ತು ವರ್ಷ ಆಯ್ತು, ಇನ್ನೂ ತುಂಬಿಲ್ಲ.’ ಐದಾರು ಜನ ದಿನಾ ಬಳಸುವ ಗುಂಡಿ ಇಪ್ಪತ್ತು ವರ್ಷ ತುಂಬಿಲ್ಲ ಅಂದರೆ ಹಾಕಿದ್ದು ಎಲ್ಲಿಗೆ ಹೋಯಿತು? ಕರಗಿದ್ದೆಲ್ಲ ನೀರಿನ ಜೊತೆ ಹೋಗಿದೆ. ತುಂಬದ ಗುಂಡಿ ಹೆಮ್ಮೆಯ ವಿಷಯ ಅಲ್ಲ.

ಎಷ್ಟು ದೂರ ಇರಬೇಕು ಅಂತ ಎಲ್ಲರೂ ಕೇಳುತ್ತಾರೆ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರ ಇರಬೇಕು ಅನ್ನುವುದು ಭಾರತೀಯ ಮಾನಕ. ಪಕ್ಕದ ಕೇರಳದ ಪಂಚಾಯಿತಿ ಕಟ್ಟಡ ನಿಯಮದಲ್ಲಿ ಏಳೂವರೆ ಮೀಟರ್ ಅಂತಿದೆ. ಈಗ ನಮ್ಮ ಐದು ಸೆಂಟ್ಸ್ ಜಾಗ ತೆಗೆದುಕೊಳ್ಳಿ. ಐದು ಸೆಂಟ್ಸ್ ಅಂದರೆ ಸುಮಾರು 202 ಚದರ ಮೀಟರ್. ಚೌಕಾಕಾರ ಇದ್ದರೆ ಒಂದು ಬದಿ 14 ಮೀಟರ್ ಚಿಲ್ಲರೆ. ಮೂಲೆಯಿಂದ ಮೂಲೆಗೆ 20 ಮೀಟರ್. 18 ಮೀಟರ್ ಬೇಕಾದರೆ ಬಾವಿ ಒಂದು ಮೂಲೆಗೆ, ಗುಂಡಿ ಎದುರು ಮೂಲೆಗೆ ಅಂಟಿಕೊಂಡಿರಬೇಕು. ಸರಿ, ಹಾಗೇ ಮಾಡಿದಿರಿ. ಆಗ ನಿಮ್ಮ ಗುಂಡಿ ಪಕ್ಕದ ಮನೆಯವರ ಬಾವಿಗೆ ತಾಗಿತು, ಅವರ ಗುಂಡಿ ನಿಮ್ಮ ಬಾವಿಗೆ. ಐದು ಸೆಂಟ್ಸಿನ ಕಾಲೊನಿಗಳಲ್ಲಿ ಮನೆಗೊಂದು ಬಾವಿ, ಮನೆಗೊಂದು ಗುಂಡಿ ಅನ್ನುವ ಲೆಕ್ಕವೇ ಕೂಡಿ ಬರುವುದಿಲ್ಲ. ಅಲ್ಲಿ ಹತ್ತು ಮನೆಯವರು ಕೂತು ಮಾತಾಡಿ, ಕುಡಿಯಲು ಮೇಲಿನ ಬದಿಯ ಒಂದೆರಡು ಬಾವಿ ಮಾತ್ರ ಇಟ್ಟುಕೊಂಡು, ಅದರ ಸುತ್ತ ಯಾರೂ ಗುಂಡಿ ತೋಡದ ಹಾಗೆ ನೋಡಿಕೊಳ್ಳಬೇಕು. ಅಥವಾ ನಳ್ಳಿ ನೀರು ಕುಡಿಯಬೇಕು. ಹೇಳಲು ನನಗೂ ಇಷ್ಟವಿಲ್ಲ, ಆದರೆ ಬೇರೆ ದಾರಿ ಇಲ್ಲ.

ಜಾಗ ಇದ್ದವರು ಆಳದ ಒಂಟಿ ಗುಂಡಿ ಬಿಟ್ಟು ಮೇಲ್ಮಟ್ಟದ ಎರಡು ಗುಂಡಿ ಮಾಡಿ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ. ಮೊದಲನೆಯದನ್ನು ಎರಡು ವರ್ಷ ಮುಟ್ಟಬೇಡಿ. ಆಮೇಲೆ ತೆಗೆದರೆ ಒಣ ಗೊಬ್ಬರ. ಸೆಪ್ಟಿಕ್ ಟ್ಯಾಂಕ್ ಇದ್ದವರು ಕೆಲವು ವರ್ಷಕ್ಕೊಮ್ಮೆ ವಾಹನ ಕರೆಸಿ ಎಳೆಸಿ. ಮನುಷ್ಯರನ್ನು ಇಳಿಸುವ ಹಾಗಿಲ್ಲ, 2013ರ ಕಾನೂನು ಅದನ್ನು ನಿಷೇಧಿಸಿದೆ, ಒಳಗಿನ ಗಾಳಿಗೆ ಜೀವವೂ ಹೋಗುತ್ತದೆ. ಇನ್ನೊಂದು, ವಾಹನದವರನ್ನು ‘ಎಲ್ಲಿ ಖಾಲಿ ಮಾಡುತ್ತೀರಿ’ ಅಂತ ಕೇಳಿ. ಉತ್ತರ ತಡವರಿಸಿದರೆ ಅದು ರಾತ್ರಿ ಯಾವುದೋ ಹಳ್ಳದ, ತೋಡಿನ ಬದಿಗೆ ಹೋಗುತ್ತದೆ ಅಂತಲೇ ತಿಳಿಯಿರಿ. ದೇವನಹಳ್ಳಿಯಲ್ಲಿ 2015ರಿಂದಲೇ ಮಲತ್ಯಾಜ್ಯ ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಇದೆ. ಇಂಥದ್ದು ತಾಲೂಕಿಗೊಂದು ಬೇಕು ಅಂತ ಗ್ರಾಮಸಭೆಯಲ್ಲಿ ಕೇಳುವವರು ನೀವೇ ಆಗಬೇಕು.

ಬಚ್ಚಲ ನೀರಿಗೆ ಬರುತ್ತೇನೆ. ನಾನು ನೋಡಿದ ಒಂದು ಮನೆಯ ಕಥೆ ಹೇಳಬೇಕು. ಬಾವಿ ನೀರು ಎಳೆದು ಕೊಡಕ್ಕೆ ಹೊಯ್ದರೆ ಅಂಚಿನಲ್ಲಿ ಸಣ್ಣಗೆ ನೊರೆ. ಬಾಯಿಗೆ ಹಾಕಿದರೆ ಸೋಪಿನ ವಾಸನೆ. ಮನೆಯವರಿಗೆ ಅನುಮಾನ ಮೇಲಿನ ರಬ್ಬರ್ ತೋಟದ ಮೇಲೆ. ಅಲ್ಲಿ ಶೀಟು ಮಾಡುವಾಗ ಆಸಿಡ್ ಹಾಕುತ್ತಾರೆ, ಅದೇ ಬಂದಿದೆ ಅಂತ ಎರಡು ಮನೆಗೆ ಮಾತು ಬಿಟ್ಟಿತ್ತು. ಹೋಗಿ ನೋಡಿದರೆ ಬಾವಿಯ ಮೇಲ್ಬದಿಯಲ್ಲಿ, ಇವರದೇ ಮನೆಯ ಹಿಂದೆ, ಹೊಸ ವಾಷಿಂಗ್ ಮೆಷಿನ್. ಅದರ ಪೈಪನ್ನು ಅಂಗಳ ಕೆಸರಾಗುತ್ತದೆ ಅಂತ ಒಂದು ಹಳೇ ಗುಂಡಿಗೆ ಬಿಟ್ಟಿದ್ದರು. ಗುಂಡಿ ಮುರಕಲ್ಲು ಕಡಿದದ್ದು. ಎಷ್ಟು ನೀರು ಬಿಟ್ಟರೂ ಗಪ್ಪಂತ ಕುಡಿಯುತ್ತಿತ್ತು. ‘ಎಂಥಾ ಒಳ್ಳೆ ಗುಂಡಿ’ ಅಂತ ಅವರಿಗೆ ಸಂತೋಷ! ಪೈಪು ತೆಗೆದು ಬಾವಿಯ ಕೆಳಬದಿಯ ಬಾಳೆಬುಡಕ್ಕೆ ಬಿಟ್ಟರು. ಎರಡು ಮಳೆ ಕಳೆಯುವುದರೊಳಗೆ ವಾಸನೆ ಹೋಯಿತು. ಎರಡು ಮನೆಯವರು ಈಗ ಮಾತಾಡುತ್ತಾರೋ ಇಲ್ಲವೋ ನಾನು ಕೇಳಲಿಲ್ಲ.

ಬಚ್ಚಲ ನೀರಿಗೆ ಬೇಕಾದದ್ದು ಅಷ್ಟೇ. ಬಾಳೆ, ಕೆಸು, ತೆಂಗು. ಎರಡು ಮೂರು ಕಡೆ ಬದಲಾಯಿಸಿ ಬಿಡಿ, ಒಂದೇ ಕಡೆ ನಿಲ್ಲಬಾರದು. ಬಾವಿಕಟ್ಟೆಯ ಹತ್ತಿರವೇ ಒಗೆಯುವ ಕಲ್ಲು ಇರುವ ಮನೆಗಳು ಇನ್ನೂ ಇವೆ. ಕಲ್ಲನ್ನು ಸರಿಸಲು ಆಗದಿದ್ದರೆ ಕಟ್ಟೆಯ ಸುತ್ತ ಮೂರು ನಾಲ್ಕು ಅಡಿ ಸಿಮೆಂಟ್ ಹಾಕಿ, ನೀರು ಹೊರಗೆ ಹೋಗುವ ಹಾಗೆ ಇಳಿಜಾರು ಕೊಟ್ಟು, ಒಂದು ಚರಂಡಿ ಮಾಡಿ. ಕಟ್ಟೆಯಲ್ಲಿ ಬಿರುಕು ಇದ್ದರೆ ಅದನ್ನು ಮೊದಲು ಮುಚ್ಚಿ.

ಇನ್ನು ಹಟ್ಟಿ. ಹಾಲಿನ ಸೊಸೈಟಿಯಲ್ಲಿ ನಿಂತು ಇದನ್ನೇ ಜಾಸ್ತಿ ಮಾತಾಡಬೇಕು, ಅಲ್ವಾ?

ನಮ್ಮ ಹಿರಿಯರ ಹಟ್ಟಿ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಗುಡ್ಡೆಗೆ ಹೋಗಿ ಸೊಪ್ಪು ತರುವುದು, ದನದ ಕಾಲಡಿಗೆ ಹರಡುವುದು. ದನ ಮೆಟ್ಟಿ ಮೆಟ್ಟಿ ಸೆಗಣಿ, ಮೂತ್ರ, ಸೊಪ್ಪು ಎಲ್ಲ ಒಂದಾಗಿ ಗೊಬ್ಬರ ಏರುತ್ತಿತ್ತು. ಒಂದು ತೊಟ್ಟು ಮೂತ್ರ ಹೊರಗೆ ಹರಿಯುತ್ತಿರಲಿಲ್ಲ. ನೊಣ ಇತ್ತು, ಉಣ್ಣಿ ಇತ್ತು, ಸೊಪ್ಪು ಹೊರುವ ಹೆಂಗಸರ ಸೊಂಟ ಮುರಿಯುತ್ತಿತ್ತು, ಇದೆಲ್ಲ ನಿಜ. ಆ ಹಟ್ಟಿಗೆ ವಾಪಸ್ ಹೋಗಿ ಅಂತ ನಾನು ಹೇಳುತ್ತಿಲ್ಲ. ಸೊಪ್ಪು ತರಲು ಈಗ ಗುಡ್ಡೆಯೂ ಇಲ್ಲ, ಜನವೂ ಇಲ್ಲ. ಆದರೆ ಬಾವಿಯ ಮಟ್ಟಿಗೆ ಅದು ಒಳ್ಳೆಯ ವ್ಯವಸ್ಥೆ. ಸೊಪ್ಪಿನಲ್ಲಿರುವ ಇಂಗಾಲ ಮೂತ್ರದ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತಿತ್ತು.

ಈಗ ಸಿಮೆಂಟ್ ನೆಲ, ರಬ್ಬರ್ ಮ್ಯಾಟ್, ಪೈಪು ಹಿಡಿದು ತೊಳೆಯುವುದು. ಜರ್ಸಿ, ಎಚ್‌ಎಫ್ ತಳಿಯ ದನ ಒಂದು ದಿನಕ್ಕೆ ಹೆಚ್ಚುಕಮ್ಮಿ 15 ಕಿಲೋ ಸೆಗಣಿ, 10 ಲೀಟರ್ ಮೂತ್ರ ಕೊಡುತ್ತದೆ. ನಾಲ್ಕು ದನ ಅಂದರೆ 40 ಲೀಟರ್ ಮೂತ್ರ. ಎರಡು ಹೊತ್ತು ತೊಳೆದ ನೀರು ಅದರ ಮೇಲೆ. ಸೆಗಣಿ ನಮಗೆ ಕಾಣುತ್ತದೆ, ಅದಕ್ಕೆ ಬೆಲೆ ಗೊತ್ತು, ಅದನ್ನು ಜೋಪಾನ ಮಾಡುತ್ತೇವೆ. ಮೂತ್ರ ಚರಂಡಿಯಲ್ಲಿ ಹೋಗುತ್ತದೆ. ಸಾರಜನಕದ ದೊಡ್ಡ ಪಾಲು ಇರುವುದು ಅದರಲ್ಲೇ. ಅಂಗಡಿಯಲ್ಲಿ ದುಡ್ಡು ಕೊಟ್ಟು ಯೂರಿಯಾ ತರುತ್ತೇವೆ, ಹಟ್ಟಿಯದನ್ನು ಬಾವಿಗೆ ಬಿಡುತ್ತೇವೆ.

ಗೋಬರ್ ಗ್ಯಾಸ್ ಇದೆ, ನಮಗೆ ತೊಂದರೆ ಇಲ್ಲ ಅನ್ನುವವರಿದ್ದೀರಿ. ಗ್ಯಾಸ್ ಆಗಿ ಹೋಗುವುದು ಇಂಗಾಲ. ಸಾರಜನಕ ಹೆಚ್ಚಾಗಿ ಆಮೇಲೆ ಹೊರಬರುವ ಬಗ್ಗಡದಲ್ಲಿ, ಅಂದರೆ ಸ್ಲರಿಯಲ್ಲೇ ಉಳಿಯುತ್ತದೆ. ವಾಸನೆ ಕಡಿಮೆ, ರೋಗಾಣುವೂ ಸ್ವಲ್ಪ ಕಡಿಮೆ, ಆದರೆ ಬಾವಿಗೆ ಇಳಿದರೆ ಅದೂ ತೊಂದರೆಯೇ. ಸ್ಲರಿ ಟ್ಯಾಂಕ್ ಅಂತ ಹೇಳುವುದು ಎಷ್ಟೋ ಕಡೆ ಸುಮ್ನೆ ಮಣ್ಣಿನಲ್ಲಿ ತೆಗೆದ ಹೊಂಡ. ಅದಕ್ಕೆ ತಳ, ಗೋಡೆ ಸಿಮೆಂಟ್ ಇರಲೇಬೇಕು. ನವೆಂಬರ್‌ನಿಂದ ಮೇವರೆಗೆ ಸ್ಲರಿಯನ್ನು ಅಡಿಕೆ ಬುಡಕ್ಕೆ ಬಿಡಿ, ಮರ ಕುಡಿಯುತ್ತದೆ. ಜೂನ್, ಜುಲೈಯಲ್ಲಿ ಟ್ಯಾಂಕ್ ತುಂಬಿತು ಅಂತ ತೋಟಕ್ಕೆ ಪಂಪ್ ಮಾಡಿದರೆ ಮರಕ್ಕೆ ಸಿಗುವ ಮೊದಲೇ ಮಳೆ ಅದನ್ನು ಕೆಳಗೆ ಒಯ್ಯುತ್ತದೆ. ಅದಕ್ಕೇ ಮೇ ಕೊನೆಗೆ ಟ್ಯಾಂಕ್ ಪೂರಾ ಖಾಲಿ ಮಾಡಿ ಇಟ್ಟುಕೊಳ್ಳಬೇಕು. ಮೇಲೆ ಒಂದು ಶೀಟು ಹಾಕಿದರೆ ಮಳೆ ನೀರು ಸೇರುವುದು ತಪ್ಪುತ್ತದೆ. ಟ್ಯಾಂಕ್ ಬೇಗ ತುಂಬುವುದು ಹೆಚ್ಚಾಗಿ ಮಳೆ ನೀರಿನಿಂದ.

ತೊಳೆಯುವ ಕ್ರಮ ಬದಲಾಯಿಸಿದರೂ ಅರ್ಧ ಕೆಲಸ ಆಗುತ್ತದೆ. ಮೊದಲು ಸೆಗಣಿ ಬಾಚಿ ತೆಗೆಯಿರಿ. ಆಮೇಲೆ ಪೈಪು. ನೇರ ಪೈಪು ಹಿಡಿದರೆ ಒಂದು ಬುಟ್ಟಿ ಸೆಗಣಿಗೆ ಹತ್ತು ಬಕೆಟ್ ನೀರು ಹೋಗುತ್ತದೆ, ಆ ಹತ್ತು ಬಕೆಟ್‌ಗೂ ಜಾಗ ಹುಡುಕಬೇಕಾಗುತ್ತದೆ. ಚರಂಡಿಯ ತುದಿಯಲ್ಲಿ ತರಗೆಲೆ, ಅಡಿಕೆ ಸಿಪ್ಪೆ, ತೆಂಗಿನ ನಾರಿನ ಹುಡಿ, ಯಾವುದು ಸಿಗುತ್ತದೋ ಅದನ್ನು ರಾಶಿ ಹಾಕಿ. ಮೂತ್ರ ಅದಕ್ಕೆ ಇಳಿಯಲಿ. ನೆನೆದದ್ದನ್ನು ವಾರಕ್ಕೊಮ್ಮೆ ಗೊಬ್ಬರದ ರಾಶಿಗೆ ಎಳೆಯಿರಿ. ಸೊಪ್ಪಿನ ಹಟ್ಟಿಯ ಕೆಲಸವನ್ನು ಒಂದು ಮೂಲೆಯಲ್ಲಿ ಮಾಡಿದ ಹಾಗಾಯಿತು.

ಗೊಬ್ಬರವೂ ರಾಶಿಯಾಗಿಯೇ ಇರಲಿ, ಗುಂಡಿ ಬೇಡ. ಬಯಲುಸೀಮೆಯಲ್ಲಿ ತಿಪ್ಪೆಗುಂಡಿ ಸರಿ. ಅಲ್ಲಿ ಮಳೆ ಕಡಿಮೆ, ತೇವ ಉಳಿಯಬೇಕು. ನಮ್ಮಲ್ಲಿ ಗುಂಡಿಗೆ ಜೂನ್‌ನಲ್ಲಿ ನೀರು ನಿಲ್ಲುತ್ತದೆ, ಅದರಿಂದ ಇಳಿಯುವುದು ಹಟ್ಟಿಗೊಬ್ಬರದ ಕಷಾಯ. ಸ್ವಲ್ಪ ಎತ್ತರದ ಜಾಗದಲ್ಲಿ, ನೆಲಕ್ಕೆ ಕಲ್ಲು ಅಥವಾ ಸಿಮೆಂಟ್ ಹಾಸಿ, ಮೇಲೆ ಚಾವಣಿ ಹಾಗೆ ಮಾಡು ಕಟ್ಟಿ. ಅಡಿಕೆ ಒಣಗಿಸುವ ಸೋಲಾರ್ ಶೆಡ್ಡಿಗೆ ಖರ್ಚು ಮಾಡುತ್ತೀರಲ್ಲ, ಅದರ ಹಳೇ ಪ್ಲಾಸ್ಟಿಕ್ ಶೀಟು ಇದಕ್ಕೆ ಸಾಕು.

ಈ ಸಾರಜನಕ ಬಾವಿಗೆ ಹೋದರೆ ಏನಾಗುತ್ತದೆ? ಅದು ನೈಟ್ರೇಟ್ ಆಗುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ದೊಡ್ಡವರಿಗೆ ಸುಲಭದಲ್ಲಿ ಗೊತ್ತಾಗುವುದೂ ಇಲ್ಲ. ಆರು ತಿಂಗಳ ಒಳಗಿನ ಮಗುವಿಗೆ ಅದೇ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಒಯ್ಯಲು ಆಗದೆ ತುಟಿ, ಉಗುರು ನೀಲಿಗಟ್ಟುತ್ತದೆ. ಜೀವಕ್ಕೇ ಅಪಾಯ. 1945ರಲ್ಲಿ ಅಮೆರಿಕದ ಅಯೋವಾದ ಡಾಕ್ಟರ್ ಹಂಟರ್ ಕಾಮ್ಲಿ ಇದನ್ನು ಮೊದಲು ಗುರುತಿಸಿ ಬರೆದರು. ಅಲ್ಲೂ ಹಳ್ಳಿಯ ರೈತರ ಮನೆಗಳೇ, ಬಾವಿ ನೀರೇ. ನಮ್ಮ ದೇಶದಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮಿತಿ. ಒಂದು ಮಾತು ಮನೆಗೆ ಹೋಗಿ ಹೇಳಿ. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ನೈಟ್ರೇಟ್ ಜಾಸ್ತಿಯೇ ಆಗುತ್ತದೆ.

ಬಯಲುಸೀಮೆಯ ಕೆಲವು ಜಿಲ್ಲೆಗಳಷ್ಟು ನೈಟ್ರೇಟ್ ನಮ್ಮ ಕಡೆ ಇಲ್ಲ. ಮಳೆ ತೊಳೆದುಕೊಂಡು ಹೋಗುತ್ತದೆ. ಆದರೆ ಹಟ್ಟಿಗೆ ತಾಗಿಕೊಂಡೇ ಇರುವ ನಿಮ್ಮ ಬಾವಿಗೆ ಜಿಲ್ಲೆಯ ಸರಾಸರಿ ಗೊತ್ತಿಲ್ಲ. ಮನೆಯಲ್ಲಿ ಬಾಣಂತಿ ಇದ್ದರೆ, ಬಾವಿ ಹಟ್ಟಿಯ ಕೆಳಬದಿಗಿದ್ದರೆ, ನೈಟ್ರೇಟ್ ಒಂದನ್ನಾದರೂ ಪರೀಕ್ಷೆ ಮಾಡಿಸಿ.

ಮದ್ದಿನ ವಿಷಯ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವುದು ನಮ್ಮಲ್ಲಿ ಹಬ್ಬದಷ್ಟೇ ಖಾಯಂ. ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನ ಕಳೆದು ಇನ್ನೊಮ್ಮೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಮತ್ತೆ ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಕೊಳೆರೋಗಕ್ಕೆ ಈ ದಾರಿ ತೋರಿಸಿದರು. ತೋಟದಲ್ಲಿ ಬಿದ್ದ ತಾಮ್ರ ಹೆಚ್ಚಾಗಿ ಮೇಲ್ಮಣ್ಣಿಗೇ ಅಂಟಿಕೊಳ್ಳುತ್ತದೆ, ಬಾವಿವರೆಗೆ ಸುಲಭದಲ್ಲಿ ಹೋಗುವುದಿಲ್ಲ. ನನಗೆ ಚಿಂತೆ ತೋಟದ್ದಲ್ಲ, ಡ್ರಮ್ ಇಡುವ ಜಾಗದ್ದು. ನೀರು ಹತ್ತಿರ ಅಂತ ಡ್ರಮ್ಮನ್ನು ಬಾವಿಕಟ್ಟೆಯ ಪಕ್ಕ ಇಡುತ್ತೇವೆ. ಅಲ್ಲೇ ಕಲಸುವುದು, ಅಲ್ಲೇ ಚೆಲ್ಲುವುದು, ಸಂಜೆ ಅಲ್ಲೇ ತೊಳೆಯುವುದು. ವರ್ಷ ವರ್ಷ ಅದೇ ಜಾಗ. ನೆಲ ನೀಲಿಯಾಗಿರುತ್ತದೆ ನೋಡಿ. ಪೈಪು ಇಪ್ಪತ್ತು ಮೀಟರ್ ಉದ್ದ ಮಾಡಿ, ಡ್ರಮ್ಮನ್ನು ತೋಟದೊಳಗೆ ತಳ್ಳಿ. ತೊಳೆದ ನೀರೂ ಅಡಿಕೆ ಬುಡಕ್ಕೇ ಹೋಗಲಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಯಾರೂ ಗಮನಿಸುವುದಿಲ್ಲ. ಕಳೆಗೆ ಹೊಡೆಯುವ ಮದ್ದು ಡ್ರಮ್ಮಿಗೆ ಹಾಕಿ, ಪಂಪಿನ ಪೈಪಿನ ತುದಿಯನ್ನು ಡ್ರಮ್ಮಿನೊಳಗೆ ಮುಳುಗಿಸಿ ನೀರು ತುಂಬಿಸುತ್ತೇವೆ. ಅಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮ ಕರೆಂಟ್ ಗೊತ್ತಲ್ಲ! ನೀರು ಹಿಂದಕ್ಕೆ ಇಳಿಯದ ಹಾಗೆ ಪೈಪಿನ ಬುಡದಲ್ಲಿ ತಡೆಯುವ ಫುಟ್‌ವಾಲ್ವ್ ಸರಿ ಇದ್ದರೆ ಬದುಕಿದಿರಿ. ಲೀಕ್ ಇದ್ದರೆ ಪೈಪಿನಲ್ಲಿದ್ದ ನೀರು ವಾಪಸ್ ಬಾವಿಗೆ ಇಳಿಯುತ್ತದೆ, ಇಳಿಯುವಾಗ ಡ್ರಮ್ಮಿನ ಮದ್ದನ್ನೂ ಎಳೆದುಕೊಂಡು ಹೋಗುತ್ತದೆ. ಮಣ್ಣಿಲ್ಲ, ಬೇರಿಲ್ಲ, ಮಧ್ಯದಲ್ಲಿ ತಡೆಯುವುದು ಯಾವುದೂ ಇಲ್ಲ. ಪೈಪಿನ ತುದಿ ಯಾವಾಗಲೂ ಡ್ರಮ್ಮಿನ ಬಾಯಿಯಿಂದ ಒಂದು ಗೇಣು ಮೇಲೆ ಇರಲಿ. ಮೊದಲು ನೀರು ತುಂಬಿ, ಪೈಪು ಬದಿಗಿಟ್ಟು, ಆಮೇಲೆ ಮದ್ದು ಹಾಕಿ. ಫುಟ್‌ವಾಲ್ವ್ ಲೀಕ್ ಆದರೆ ಸೆಗಣಿ ನೀರು ಹೊಯ್ದು ಪಂಪ್ ಏರಿಸುವವರೂ ಇದ್ದಾರೆ. ಕುಡಿಯುವ ಬಾವಿಗೆ ಆ ಕೆಲಸ ಬೇಡ. ವಾಲ್ವಿನ ಚರ್ಮ ಬದಲಾಯಿಸಿ, ಜಾಸ್ತಿ ಖರ್ಚಿಲ್ಲ.

ಖಾಲಿ ಡಬ್ಬಿಯನ್ನು ಮೂರು ಸಲ ತೊಳೆಯಬೇಕು. ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿ ಮಾಡಿ, ಅರ್ಧ ನಿಮಿಷ ಕುಲುಕಿ, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಹೊಯ್ಯಿರಿ. ಅದು ದುಡ್ಡು ಕೊಟ್ಟು ತಂದ ಮದ್ದು, ಅಲ್ವಾ? ಆಮೇಲೆ ತಳಕ್ಕೆ ತೂತು ಹೊಡೆಯಿರಿ, ಯಾರೂ ಎಣ್ಣೆ, ಸೀಮೆಎಣ್ಣೆ ತುಂಬಿಡಬಾರದು. ಕೀಟನಾಶಕ ನಿಯಮ ಡಬ್ಬಿಯನ್ನು ಒಡೆದು ಜನವಸತಿಯಿಂದ ದೂರ ಹೂಳಲು ಹೇಳುತ್ತದೆ. ತೊಳೆಯದ ಡಬ್ಬಿ ಹೂತರೆ ವರ್ಷಗಟ್ಟಲೆ ಒಂದೊಂದೇ ಹನಿ ಕೆಳಗೆ ಇಳಿಯುತ್ತದೆ. ಅದಕ್ಕೇ ಹೂಳುವುದಕ್ಕಿಂತ ತೊಳೆಯುವುದು ಮುಖ್ಯ. ಮದ್ದಿನ ಡಬ್ಬಿ, ಟ್ಯೂಬ್‌ಲೈಟ್, ಬ್ಯಾಟರಿ ಸೆಲ್, ಅವಧಿ ಮುಗಿದ ಮಾತ್ರೆ, ಇವನ್ನೆಲ್ಲ ಬೇರೆ ಚೀಲದಲ್ಲಿ ಇಟ್ಟು ಪ್ರತ್ಯೇಕವಾಗಿಯೇ ಕೊಡಬೇಕು ಅನ್ನುವುದು ಘನತ್ಯಾಜ್ಯ ನಿಯಮದಲ್ಲೇ ಇದೆ, ಹಾಗಾಗಿ ಹೂಳದೆ ಕೊಡುವ ದಾರಿಯೂ ಇದೆ. ಪಂಚಾಯಿತಿಯ ಕಸದ ಗಾಡಿಯವರ ಹತ್ತಿರ ಮೊದಲೇ ಮಾತಾಡಿ, ಹಾಲಿನ ಪ್ಯಾಕೆಟ್ ಜೊತೆ ಸೇರಿಸಬೇಡಿ. ಆ ಚೀಲ ಬಿಡಿಸುವುದು ಬರಿಗೈಯ ಹೆಂಗಸರು.

ಉಳಿದ ಮದ್ದನ್ನು ಏನು ಮಾಡುವುದು ಅಂತ ಒಬ್ಬರು ಕೇಳುತ್ತಿದ್ದಾರೆ. ಉಳಿಯದ ಹಾಗೆ ಕಲಸುವುದು ಮೊದಲನೆಯದು. ಉಳಿದರೆ ಅದೇ ಬೆಳೆಗೆ ತೆಳ್ಳಗೆ ಮಾಡಿ ಹೊಡೆದು ಮುಗಿಸಿ. ಯಾವ ಕಾರಣಕ್ಕೂ ಹಾಳುಬಾವಿಗೆ ಮಾತ್ರ ಸುರಿಯಬೇಡಿ. ಕಾಸರಗೋಡಿಗೂ ಪುತ್ತೂರಿಗೂ ಗಡಿಯಲ್ಲಿ ಮಿಂಚಿಪದವು ಅಂತ ಇದೆ, ನಿಮ್ಮಲ್ಲಿ ಕೆಲವರಿಗೆ ನೆಂಟರ ಊರು. ಗೇರು ತೋಟಕ್ಕೆ ತಂದು ಉಳಿದ ಎಂಡೋಸಲ್ಫಾನ್ ಕೀಟನಾಶಕವನ್ನು ಅಲ್ಲಿನ ಒಂದು ಹಾಳುಬಾವಿಗೆ ಹಾಕಿದ್ದಾರೆ ಅನ್ನುವ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿದೆ. ನಿಜವೆಷ್ಟು ಅನ್ನುವುದನ್ನು ಅವರು ಹೇಳಲಿ. ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರ ಮೇಯಲ್ಲಿ. ಅಷ್ಟು ವರ್ಷ ಕಳೆದ ಮೇಲೂ ಸುತ್ತಲಿನವರಿಗೆ ‘ನಮ್ಮ ನೀರಿನಲ್ಲಿ ಏನಿದೆ’ ಅಂತ ಕೇಳುತ್ತಾ ಕೂರುವ ಗತಿ. ನಿಮ್ಮ ಜಾಗದಲ್ಲಿರುವ ಹಾಳುಬಾವಿ ನೀರಿನ ಒಳದಾರಿಗೆ ತೆರೆದ ಬಾಗಿಲು. ಅದಕ್ಕೆ ಡೈಪರ್, ಕೋಳಿಅಂಗಡಿಯ ಕಸ, ಒಡೆದ ಬಾಟಲಿ ಹಾಕುವುದು ಅಂದರೆ ಕೆಳಮನೆಯವರ ಕೊಡಪಾನಕ್ಕೆ ಹಾಕಿದ ಹಾಗೆಯೇ. ಬತ್ತಿದ ಕೊಳವೆಬಾವಿಗೂ ಇದೇ ಮಾತು, ಮುಚ್ಚಳ ಹಾಕಿ. ಅದರಲ್ಲಿ ಮಕ್ಕಳು ಬೀಳುವ ಅಪಾಯ ಬೇರೆ.

ಪ್ಲಾಸ್ಟಿಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸುಡಬೇಡಿ, ಗಾಡಿಗೆ ಕೊಡಿ. ಕಾರ್ಕಳದ ಹತ್ತಿರ ನಿಟ್ಟೆಯಲ್ಲಿ ಸುತ್ತಲಿನ ಪಂಚಾಯಿತಿಗಳ ಒಣಕಸ ವಿಂಗಡಿಸುವ ದೊಡ್ಡ ಘಟಕ ಇದೆ, ಒಮ್ಮೆ ಹೋಗಿ ನೋಡಿ ಬನ್ನಿ.

ಸತ್ತ ದನ, ಕೋಳಿ ಹೂಳಲೇಬೇಕಾಗುತ್ತದೆ. ಅದೊಂದಕ್ಕೆ ಗುಂಡಿ ಇರಲಿ. ಬಾವಿಗಿಂತ ಕೆಳಗಿನ ಬದಿ, ತೋಡಿನಿಂದಲೂ ದೂರ, ಮಳೆಗಾಲದಲ್ಲಿ ನೀರು ಏಳದ ಜಾಗ. ಜಾಗವನ್ನು ಬೇಸಿಗೆಯಲ್ಲೇ ನೋಡಿಟ್ಟುಕೊಳ್ಳಿ. ಜುಲೈ ರಾತ್ರಿ ಮಳೆಯಲ್ಲಿ ದನ ಸತ್ತಾಗ ಯಾರೂ ಯೋಚನೆ ಮಾಡುವುದಿಲ್ಲ, ಹತ್ತಿರ ಸಿಕ್ಕಿದ ಕಡೆ ತೋಡುತ್ತಾರೆ.

ಒಂದು ಅಡ್ಡ ಮಾತು. ಮಳೆ ನೀರನ್ನು ನೆಲಕ್ಕೆ ಇಳಿಸುವ ಇಂಗುಗುಂಡಿ ಈಗ ಎಲ್ಲ ಕಡೆ. ನಾನೂ ಅದರ ಪರ. ಆದರೆ ಬಾವಿಗೆ ಅಥವಾ ಬಾವಿ ಪಕ್ಕದ ಗುಂಡಿಗೆ ಬಿಡುವುದು ಮನೆಯ ಮಾಡಿನ ಮೇಲೆ ಬಿದ್ದ ನೀರು ಮಾತ್ರ ಆಗಿರಲಿ, ಮೊದಲ ನಾಲ್ಕಾರು ಮಳೆ ಹೊರಗೆ ಬಿಟ್ಟು, ಜಲ್ಲಿ ಮರಳಿನ ಮೂಲಕ. ಅಂಗಳದ ನೀರು, ಹಟ್ಟಿ ಬದಿಯ ನೀರು, ರಸ್ತೆಯ ನೀರು ಬೇಡ. ಅಂಗಳದ ನೀರೆಲ್ಲ ಪೋಲಾಗುತ್ತದೆ ಅಂತ ಬಾವಿಗೆ ತಿರುಗಿಸಿದವರಿದ್ದಾರೆ. ನೀರು ಏರಿತು, ನಿಜ. ಎಂಥ ನೀರು ಅಂತ ನೋಡಲಿಲ್ಲ. ಗುಡ್ಡದ ಮೇಲೆ ದೂರದಲ್ಲಿ ಇಂಗಿಸಿ, ಮಣ್ಣಿನ ಮೂಲಕ ತಾನಾಗಿ ಇಳಿದು ಬರಲಿ.

ಕೊನೆಗೆ ಬ್ಲೀಚಿಂಗ್ ಪೌಡರ್. ಹಿಡಿ ಹಿಡಿಯಾಗಿ ಎಸೆಯುವವರಿದ್ದಾರೆ, ಆಮೇಲೆ ವಾಸನೆ ಅಂತ ವಾರ ನೀರು ಮುಟ್ಟುವುದಿಲ್ಲ. ಲೆಕ್ಕ ಸುಲಭ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಪೌಡರ್ ಹೊಸದಾಗಿದ್ದರೆ. ಬಾವಿಯ ಅಗಲ ಮೀಟರ್‌ನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿ. ಅಷ್ಟು ಲೀಟರ್ ನೀರಿದೆ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ನೀರು ಅಂದರೆ ಸುಮಾರು 28 ಸಾವಿರ ಲೀಟರ್, 70 ಗ್ರಾಂ ಪೌಡರ್ ಸಾಕು. ಒಂದು ಬಕೆಟ್‌ನಲ್ಲಿ ಸ್ವಲ್ಪ ನೀರಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಡಿ. ತಳದಲ್ಲಿ ಸುಣ್ಣ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಬಾವಿಗಿಳಿಸಿ, ಹಗ್ಗ ಮೇಲೆ ಕೆಳಗೆ ಆಡಿಸಿ ಬೆರೆಸಿ. ಸುಣ್ಣ ಹೊರಗೆ ಚೆಲ್ಲಿ. ರಾತ್ರಿ ಮಾಡಿ ಮಲಗಿದರೆ ಬೆಳಿಗ್ಗೆ ಬಳಸಬಹುದು. ಇದರಿಂದ ರೋಗಾಣು ಸಾಯುತ್ತದೆ, ಟೈಫಾಯ್ಡ್, ಕಾಮಾಲೆ ಹೆದರಿಕೆ ಕಡಿಮೆಯಾಗುತ್ತದೆ. ನೈಟ್ರೇಟಿಗೂ ಮದ್ದಿನ ವಿಷಕ್ಕೂ ಬ್ಲೀಚಿಂಗ್ ಏನೂ ಮಾಡುವುದಿಲ್ಲ. ಗುಂಡಿಯಿಂದ ದಿನಾ ಬರುತ್ತಿದ್ದರೆ ರೋಗಾಣುವೂ ನಾಡಿದ್ದಿಗೆ ಮತ್ತೆ ಬಂದಿರುತ್ತದೆ.

ಮೇಜಿನ ಮೇಲೆ ಸಣ್ಣ ಬಾಟಲಿಗಳಿವೆ. ನೀರಿನಲ್ಲಿ ಮಲದ ಅಂಶ ಇದೆಯೇ ಅಂತ ನೋಡುವ ಬಾಟಲಿ. ಇವತ್ತು ಮನೆಗೊಂದು ಒಯ್ಯಿರಿ. ಬಾವಿ ನೀರನ್ನು ಗೆರೆವರೆಗೆ ತುಂಬಿ, ಒಳಗೆ ಬೆರಳು ತಾಗಿಸದೆ ಮುಚ್ಚಿ, ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. 24ರಿಂದ 48 ಗಂಟೆಯೊಳಗೆ ನೀರು ಕಪ್ಪಾದರೆ ಕುಡಿಯುವುದನ್ನು ಕುದಿಸಿಯೇ ಕುಡಿಯಿರಿ, ಪಂಚಾಯಿತಿಯಲ್ಲಿ ನೀರು ಪರೀಕ್ಷೆಗೆ ತರಬೇತಿ ಪಡೆದ ಹೆಂಗಸರಿದ್ದಾರೆ, ಅವರಿಗೆ ತಿಳಿಸಿ. ಈಗ ಕಪ್ಪಾಗದಿದ್ದರೆ ಬಾವಿ ಚೆನ್ನಾಗಿದೆ ಅಂತ ಬಿಟ್ಟುಬಿಡಬೇಡಿ. ಇದು ಮೇ ತಿಂಗಳು, ನೀರು ತಳದಲ್ಲಿದೆ. ಇನ್ನೊಂದು ಬಾಟಲಿಯನ್ನು ಜುಲೈಗೆ ಅಂತ ಸೊಸೈಟಿಯಲ್ಲೇ ಇಟ್ಟಿರುತ್ತೇವೆ, ಹಾಲು ಕೊಡಲು ಬಂದಾಗ ಕೇಳಿ ತೆಗೆದುಕೊಳ್ಳಿ.